ಅಕ್ಷರ ಮಗುವಿನದು, ಕತೆ ಅಜ್ಜಿಯದು

ಮಕ್ಕಳಿಗೆ ದಿನಾ ಒಂದಿಷ್ಟು ಹೊತ್ತು ಗಟ್ಟಿಯಾಗಿ ಓದಿ ಹೇಳಿ ಅನ್ನೋ ಬುದ್ಧಿವಾದವನ್ನು ಕೇಳದ ಅಪ್ಪ-ಅಮ್ಮ ಈಗ ಯಾರಿದ್ದಾರೆ? ಶಾಲೆಯ ಮೀಟಿಂಗಿಗೆ ಹೋದರೆ ಹೇಳುತ್ತಾರೆ, ಮಕ್ಕಳ ಡಾಕ್ಟರ ಹತ್ತಿರ ಹೋದರೂ ಹೇಳುತ್ತಾರೆ. ಈ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದವರಲ್ಲಿ ಅಮೆರಿಕದ ಜಿಮ್ ಟ್ರಿಲೀಸ್ ಒಬ್ಬರು. ಅವರ 'ದಿ ರೀಡ್ ಅಲೌಡ್ ಹ್ಯಾಂಡ್‌ಬುಕ್' ಅನ್ನುವ ಪುಸ್ತಕವನ್ನು 1982ರಲ್ಲಿ ಪೆಂಗ್ವಿನ್ ಪ್ರಕಟಿಸಿತು. ಮೂರು ವರ್ಷದ ನಂತರ, 1985ರಲ್ಲಿ, ಓದಿನ ಬಗ್ಗೆ ಅಲ್ಲಿ ನೇಮಿಸಿದ್ದ ಆಯೋಗವೊಂದು ಮಕ್ಕಳನ್ನು ಓದಿಗೆ ಹಚ್ಚಬೇಕಾದರೆ ಅವರಿಗೆ ಓದಿ ಹೇಳುವುದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ ಎಂದು ವರದಿ ಕೊಟ್ಟಿತು.

ಮಾತು ಒಳ್ಳೆಯದೇ, ತಕರಾರಿಲ್ಲ. ಆದರೆ ಆ ಮಾತಿನ ಜೊತೆ ಒಂದು ಚಿತ್ರವೂ ಬರುತ್ತದೆ, ಗಮನಿಸಿದ್ದೀರಾ? ಮಂಚದ ಮೇಲೆ ಮಗು, ಪಕ್ಕದಲ್ಲಿ ಅಪ್ಪನೋ ಅಮ್ಮನೋ, ಪುಸ್ತಕ ಅವರ ಕೈಯಲ್ಲಿ. ಓದುವವರು ದೊಡ್ಡವರು, ಕೇಳುವವರು ಮಕ್ಕಳು. ನಮ್ಮ ಕನ್ನಡದ ಮನೆಗಳ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಈ ಚಿತ್ರ ತಿರುವುಮುರುವಾಗಿ ಕಾಣಿಸುತ್ತೆ. ನಮ್ಮಲ್ಲಿ ಬಹಳ ಕಾಲ ಪುಸ್ತಕ ಇದ್ದದ್ದು ಮಗುವಿನ ಕೈಯಲ್ಲಿ, ಕೇಳುತ್ತ ಕೂತಿದ್ದವರು ದೊಡ್ಡವರು. ಅದು ಹೇಗೆ ಅಂತ ಬರೆಯೋಣ ಅನ್ನಿಸಿತು.

ಮೊದಲಿಗೆ 'ಓದು' ಅನ್ನುವ ಪದವನ್ನೇ ನೋಡಿ. ಈಗ ನಾವು ಓದು ಅಂದರೆ ಕಣ್ಣಿನ ಕೆಲಸ ಅಂದುಕೊಂಡಿದ್ದೇವೆ. ಹಿಂದೆ ಅದು ಬಾಯಿಯ ಕೆಲಸ, ಕಿವಿಯ ಕೆಲಸ. ತಾಳೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ, ಪದ್ಯದ ಸಾಲು ಮುಗಿದ ಕಡೆ ಹೊಸ ಸಾಲು ಶುರು ಮಾಡುತ್ತಿರಲಿಲ್ಲ. ಅಕ್ಷರದ ಪಕ್ಕ ಅಕ್ಷರ, ಗರಿಯ ಈ ತುದಿಯಿಂದ ಆ ತುದಿವರೆಗೆ. 'ಮಗನೂರಿಗೆಹೋದ' ಅಂತ ಬರೆದಿದ್ದರೆ ಮಗನು ಊರಿಗೆ ಹೋದನೋ, ಮಗ ನೂರಿಗೆ ಹೋದನೋ? ಕಣ್ಣಿಗೆ ಎರಡೂ ಒಂದೇ. ಬಾಯಿಬಿಟ್ಟು ಓದಿ, ಹಿಂದುಮುಂದು ಕೇಳಿಸಿಕೊಂಡರೆ ಮಾತ್ರ ಯಾವುದು ಸರಿ ಅಂತ ಗೊತ್ತಾಗೋದು.

ಇಲ್ಲಿ ಷಟ್ಪದಿ ಬಹಳ ಸಹಾಯಕ್ಕೆ ಬರುತ್ತಿತ್ತು. ಕುಮಾರವ್ಯಾಸನ ಭಾರತ ಇರುವುದು ಭಾಮಿನಿಯಲ್ಲಿ, ಮೂರು ನಾಲ್ಕು ಮೂರು ನಾಲ್ಕು ಅಂತ ಮಾತ್ರೆಗಳ ನಡಿಗೆ. ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕದಲ್ಲಿ, ಐದೈದು ಮಾತ್ರೆಯ ಹೆಜ್ಜೆ. ಆ ನಡಿಗೆ ಒಂದು ಸಲ ನಾಲಿಗೆಗೆ ಹತ್ತಿದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದೆ ಹೋಗಬೇಕು ಅಂತ ಲಯವೇ ಹೇಳಿಕೊಡುತ್ತೆ. ಗಮಕಿಗಳು ಇದನ್ನು ಒಂದು ಕಲೆಯಾಗಿ ಬೆಳೆಸಿದರು. ಆದರೆ ಕಲೆ ಅಂತ ಹೆಸರಿಲ್ಲದೆ ಮನೆಮನೆಯ ಜಗುಲಿಯಲ್ಲಿ, ಊರ ಚಾವಡಿಯಲ್ಲಿ ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಹಾಗಾಗಿ ಓದು ಬಾರದವರೂ ಭಾರತ ರಾಮಾಯಣವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಸರಿ, ಮಕ್ಕಳು ಓದು ಕಲಿಯುತ್ತಿದ್ದದ್ದು ಹೇಗೆ? ಇದಕ್ಕೆ ಒಂದು ಅಪರೂಪದ ದಾಖಲೆ ಇದೆ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದಲ್ಲಿ ಎಷ್ಟು ಶಾಲೆಗಳಿವೆ, ಏನು ಕಲಿಸುತ್ತಾರೆ ಅಂತ ಎಲ್ಲ ಕಲೆಕ್ಟರುಗಳಿಂದ ವರದಿ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಧರಂಪಾಲ್ ಅವರು 1983ರಲ್ಲಿ ಈ ವರದಿಗಳನ್ನೆಲ್ಲ ಸೇರಿಸಿ 'ದಿ ಬ್ಯೂಟಿಫುಲ್ ಟ್ರೀ' ಅನ್ನುವ ಪುಸ್ತಕ ತಂದರು. ಸಿಕ್ಕರೆ ಓದಿ.

ಕ್ಯಾಂಪ್‌ಬೆಲ್ ಕೊಟ್ಟ ಲೆಕ್ಕ ಹೀಗಿದೆ. ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅದರಲ್ಲಿ ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಸಂಸ್ಕೃತ, ಪಾರ್ಸಿ, ತಮಿಳು. ಇಂಗ್ಲಿಷಿನದು ಒಂದೇ ಒಂದು! ಓದುತ್ತಿದ್ದ ಮಕ್ಕಳು 6,641, ಅಂದರೆ ಸಾವಿರ ಜನಕ್ಕೆ ಸುಮಾರು ಏಳು ಮಾತ್ರ. ಅದರಲ್ಲಿ ಹೆಣ್ಣುಮಕ್ಕಳು ಬರೀ 60.

ಆ ಶಾಲೆಗಳ ದಿನಚರಿ ಬಹಳ ಚೆನ್ನಾಗಿದೆ. ಐದು ವರ್ಷಕ್ಕೆ ಅಕ್ಷರಾಭ್ಯಾಸ, ಗಣಪತಿಯ ಮುಂದೆ ಕೂರಿಸಿ ಅಕ್ಕಿಯಲ್ಲಿ ಬೆರಳಿನಿಂದ ಬರೆಸುವುದು. ಅದು ಇವತ್ತಿಗೂ ಹಾಗೇ ಇದೆಯಲ್ಲ. ಬೆಳಿಗ್ಗೆ ಆರಕ್ಕೆ ಶಾಲೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ ಅಂತ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಜಾಸ್ತಿ :) ಮರಳಿನ ಮೇಲೆ ಬೆರಳಲ್ಲಿ ಬರೆದು ಕಲಿತು, ಆಮೇಲೆ ಕಪ್ಪು ಕಡತದ ಮೇಲೆ ಬಳಪದಲ್ಲಿ ಬರೆಯುವುದು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು, ಹೇಳಿಕೊಡುತ್ತ ತಮ್ಮ ಪಾಠವನ್ನೂ ಗಟ್ಟಿಮಾಡಿಕೊಳ್ಳುವುದು. ಇದು ಕ್ಯಾಂಪ್‌ಬೆಲ್‌ಗೆ ತುಂಬಾ ಹಿಡಿಸಿತು. ಇಂಗ್ಲೆಂಡಿನವರು ಇದನ್ನು ನಕಲು ಮಾಡಿದ್ದು ಸರಿಯಾಗಿಯೇ ಇದೆ ಅಂತ ಬರೆದಿದ್ದಾನೆ.

ಅವನಿಗೆ ಹಿಡಿಸದೇ ಇದ್ದದ್ದೂ ಒಂದಿತ್ತು. ಮಕ್ಕಳು ಓದುತ್ತಿದ್ದ ಪುಸ್ತಕಗಳೆಲ್ಲ ಕಾವ್ಯಗಳು. ರಾಮಾಯಣ, ಭಾರತ, ಭಾಗವತ. ಲಿಂಗಾಯತ ಮಕ್ಕಳಾದರೆ ರಾಘವಾಂಕನ ಕಾವ್ಯ, ಗಿರಿಜಾ ಕಲ್ಯಾಣ, ಚೆನ್ನಬಸವೇಶ್ವರ ಪುರಾಣ. ಮನರಂಜನೆಗೆ ಪಂಚತಂತ್ರ, ಬೇತಾಳನ ಇಪ್ಪತ್ತೈದು ಕತೆಗಳು. ಕಾವ್ಯದ ಕನ್ನಡ ಬೇರೆ, ಆಡುವ ಕನ್ನಡ ಬೇರೆ. ಹುಡುಗರು ಪದ್ಯಗಳನ್ನು ತಡೆಯಿಲ್ಲದೆ ಓದುತ್ತಾರೆ, ಸಾಲುಸಾಲು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಅರ್ಥ ಮಾತ್ರ ಗಿಣಿಗೆ ಗೊತ್ತಿರುವಷ್ಟೇ ಗೊತ್ತು. ಇದು ಅವನ ದೂರು.

ದೂರು ಸುಳ್ಳಲ್ಲ. ಆದರೆ ಅವನು ನೋಡಿದ್ದು ಶಾಲೆಯನ್ನು. ಹುಡುಗ ಸಂಜೆ ಮನೆಗೆ ಬಂದು ಏನು ಮಾಡುತ್ತಿದ್ದ ಅನ್ನೋದು ಕಲೆಕ್ಟರ ವರದಿಯಲ್ಲಿ ಹೇಗೆ ಬರಬೇಕು? ಸ್ವಲ್ಪ ಯೋಚನೆ ಮಾಡಿ. ಸಾವಿರಕ್ಕೆ ಏಳು ಮಂದಿ ಓದುವ ಊರಿನಲ್ಲಿ, ಮನೆಯಲ್ಲೊಬ್ಬ ಹುಡುಗನಿಗೆ ಅಕ್ಷರ ಬಂತು ಅಂದರೆ ಅವನನ್ನು ಸುಮ್ಮನೆ ಬಿಡುತ್ತಾರೆಯೇ? ಅವನ ಅಜ್ಜಿಗೆ ಒಂದಕ್ಷರ ಬಾರದು. ಆದರೆ ಅಭಿಮನ್ಯು ಚಕ್ರವ್ಯೂಹಕ್ಕೆ ಹೊಕ್ಕಿದ್ದು, ಚಂದ್ರಹಾಸನನ್ನು ಕೊಲ್ಲೋದಕ್ಕೆ ಕಾಗದ ಕಳಿಸಿದ್ದು, ಆ ಕಾಗದದಲ್ಲಿ 'ವಿಷ' ಅಂತಿದ್ದದ್ದು 'ವಿಷಯೆ' ಆಗಿದ್ದು, ಎಲ್ಲ ಅವಳಿಗೆ ಗೊತ್ತು, ಕೇಳಿ ಕೇಳಿ ಗೊತ್ತು. ಹುಡುಗನಿಗೆ ಅಕ್ಷರ ಗೊತ್ತು, ಕತೆ ಗೊತ್ತಿಲ್ಲ. ಅಜ್ಜಿಗೆ ಕತೆ ಗೊತ್ತು, ಅಕ್ಷರ ಗೊತ್ತಿಲ್ಲ. ಇಬ್ಬರೂ ಜೊತೆಗೆ ಕೂತರೆ ಓದು ಪೂರ್ತಿಯಾಗುತ್ತೆ. ಹುಡುಗ ಪದ ತಪ್ಪಾಗಿ ಒಡೆದರೆ "ಹಾಗಲ್ಲ ಕಣೋ, ಇನ್ನೊಂದು ಸಲ ಓದು" ಅನ್ನೋದಕ್ಕೆ ಅಜ್ಜಿಗೆ ಅಕ್ಷರ ಬೇಕಿಲ್ಲ, ಕಿವಿ ಸಾಕು.

ಇದು ಬಳ್ಳಾರಿಯ ಒಂದು ಮನೆಯ ಕತೆಯಾಗಿ ಉಳಿಯಲಿಲ್ಲ. ಜನಗಣತಿಯ ಅಂಕಿ ನೋಡಿ. 1901ರಲ್ಲಿ ಇಡೀ ಭಾರತದಲ್ಲಿ ಓದು ಬರಹ ಬಲ್ಲವರು ನೂರಕ್ಕೆ 5.35. ಹೆಂಗಸರಲ್ಲಿ 0.60, ಅಂದರೆ ಸಾವಿರಕ್ಕೆ ಆರು. 1951ಕ್ಕೆ ಬಂದರೂ ಹೆಂಗಸರಲ್ಲಿ ನೂರಕ್ಕೆ 8.86 ಮಾತ್ರ. ಈ ಐವತ್ತು ವರ್ಷಗಳಲ್ಲಿ ಶಾಲೆಗಳು ಹೆಚ್ಚಿದವು, ಮಕ್ಕಳು ಶಾಲೆಗೆ ಹೋದರು. ಆದರೆ ಆ ಮಕ್ಕಳ ಅಮ್ಮಂದಿರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಓದು ಬರುತ್ತಿರಲಿಲ್ಲ. ಹಾಗಿದ್ದ ಮೇಲೆ ರಾತ್ರಿ ಮಗುವಿಗೆ ಪುಸ್ತಕ ಓದಿ ಹೇಳೋ ಅಮ್ಮ ಎಲ್ಲಿಂದ ಬರಬೇಕು? ಅಮ್ಮನಿಗೆ, ಅಜ್ಜಿಗೆ ಓದಿ ಹೇಳೋ ಮಗು ಮಾತ್ರ ಬೇಕಾದಷ್ಟು ಮನೆಗಳಲ್ಲಿತ್ತು.

ಏನೇನು ಓದುತ್ತಿದ್ದರು? ಪುರಾಣ ಒಂದೇ ಅಲ್ಲ. ತವರಿನಿಂದ ಬಂದ ಕಾರ್ಡು, ಸೈನ್ಯದಲ್ಲಿದ್ದ ಮಗನ ಕಾಗದ, ಸ್ವರ್ಣಗೌರಿ ವ್ರತದ ಕತೆ, ಪಂಚಾಂಗ, ಕಂದಾಯದ ನೋಟೀಸು, ಪೇಪರು, ವಾರಪತ್ರಿಕೆಯ ಧಾರಾವಾಹಿ. ಕಾಗದ ಓದುವ ಕೆಲಸ ಅಂದರೆ ಸುಲಭದ್ದಲ್ಲ. ಮನೆಯ ಗುಟ್ಟು, ಸಾವಿನ ಸುದ್ದಿ, ಸಾಲದ ವಿಷಯ ಎಲ್ಲ ಎಂಟು ವರ್ಷದ ಮಗುವಿನ ಬಾಯಿಂದಲೇ ಬರಬೇಕು. ಓದುತ್ತ ಓದುತ್ತ ತಡವರಿಸಿದರೆ ಕೇಳುವವರ ಎದೆ ಧಸಕ್ಕೆನ್ನುತ್ತಿತ್ತು. ಓದು ಅನ್ನೋದು ಮಾರ್ಕಿಗಾಗಿ ಮಾಡೋದಲ್ಲ, ಅದರಿಂದ ಮನೆಯವರು ನಗುತ್ತಾರೆ ಅಳುತ್ತಾರೆ ಅಂತ ಆ ಮಕ್ಕಳಿಗೆ ಯಾರೂ ಬೇರೆ ಹೇಳಬೇಕಾಗಿರಲಿಲ್ಲ.

ಇದಕ್ಕೆ ನಮಗೆಲ್ಲ ಗೊತ್ತಿರುವ ಉದಾಹರಣೆ ಸುಧಾ ಮೂರ್ತಿಯವರು ಬರೆದದ್ದು. 2004ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ಪುಸ್ತಕದ ಹೆಸರೇ ಅಜ್ಜಿಗೆ ಓದು ಕಲಿಸಿದ ಆ ಪ್ರಸಂಗದ್ದು. ಉತ್ತರ ಕರ್ನಾಟಕದ ಹಳ್ಳಿ, ಹನ್ನೆರಡರ ಹುಡುಗಿ, ಓದು ಬಾರದ ಅಜ್ಜಿ. ವಾರವಾರ ಬರುವ 'ಕರ್ಮವೀರ'ದಲ್ಲಿ ತ್ರಿವೇಣಿಯವರ 'ಕಾಶೀಯಾತ್ರೆ' ಧಾರಾವಾಹಿಯಾಗಿ ಬರುತ್ತಿತ್ತು. 1921ರಲ್ಲಿ ಶುರುವಾದ ಪತ್ರಿಕೆ ಅದು, ಆ ಭಾಗದ ಮನೆಮಾತು. ಮೊಮ್ಮಗಳು ಓದುವುದು, ಅಜ್ಜಿ ಎಲ್ಲ ಕೆಲಸ ಬಿಟ್ಟು ಕೇಳುವುದು. ಒಮ್ಮೆ ಮೊಮ್ಮಗಳು ಮದುವೆಗೆಂದು ಪಕ್ಕದ ಊರಿಗೆ ಹೋಗಿ ಒಂದು ವಾರ ಬರಲಿಲ್ಲ. ಪತ್ರಿಕೆ ಬಂತು. ಅಜ್ಜಿ ಚಿತ್ರ ನೋಡಿದರು, ಅಕ್ಷರಗಳ ಮೇಲೆ ಕೈಯಾಡಿಸಿದರು, ಮುಂದೇನಾಯಿತು ಅಂತ ಗೊತ್ತಾಗಲಿಲ್ಲ. ಬೇರೆ ಯಾರನ್ನಾದರೂ ಓದಿಸೋಣ ಅಂದರೆ ಸಂಕೋಚ. ಮೊಮ್ಮಗಳು ವಾಪಸು ಬಂದಾಗ ಅಜ್ಜಿಯ ಕಣ್ಣಲ್ಲಿ ನೀರು. ಅವತ್ತೇ ಹಟ ಹಿಡಿದರು, ದಸರೆಯ ಸರಸ್ವತಿ ಪೂಜೆಯ ಹೊತ್ತಿಗೆ ನಾನೇ ಓದಬೇಕು ಅಂತ. ಕಲಿತರು. ಕಲಿಸಿದ ಮೊಮ್ಮಗಳ ಕಾಲಿಗೆ ನಮಸ್ಕಾರವನ್ನೂ ಮಾಡಿದರು, ಗುರು ಅಂತ.

ನಾವೆಲ್ಲ ಇದನ್ನು ಅಜ್ಜಿಯ ಛಲದ ಕತೆಯಾಗಿ ಓದುತ್ತೇವೆ. ಮೊಮ್ಮಗಳ ಕಡೆಯಿಂದಲೂ ಒಮ್ಮೆ ನೋಡಿ. ತಾನು ಓದೋದನ್ನೇ ಕಾದು ಕೂತ ಒಬ್ಬರು ಮನೆಯಲ್ಲಿದ್ದಾರೆ, ತಾನು ಇಲ್ಲದಿದ್ದರೆ ಅವರ ವಾರವೇ ಕೆಡುತ್ತೆ. ಓದುವ ಮಗುವಿಗೆ ಇದಕ್ಕಿಂತ ದೊಡ್ಡ ಗೌರವ ಏನು ಬೇಕು?

ಮಕ್ಕಳಿಗಾಗಿ ಬರೆದವರಿಗೂ ಈ ಗಟ್ಟಿ ಓದಿನ ಗುಟ್ಟು ಗೊತ್ತಿತ್ತು. ಪಂಜೆ ಮಂಗೇಶರಾಯರು (1874–1937) ಶಾಲೆಗಳನ್ನು ಹತ್ತಿರದಿಂದ ಬಲ್ಲವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಅವರ ಪದ್ಯಗಳನ್ನಾಗಲಿ ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳನ್ನಾಗಲಿ ಮನಸ್ಸಿನಲ್ಲೇ ಓದಿ ನೋಡಿ, ಅರ್ಧ ರುಚಿ ಹೋಗುತ್ತೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಹುಟ್ಟಂತೂ ಇನ್ನೂ ಸ್ವಾರಸ್ಯ. ಅದರ ಮೂಲ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪದ್ಯ. ನಾಟಕದ ನಟ ಮೆಕ್ರೆಡಿಯ ಮಗ ವಿಲ್ಲಿ ಹುಷಾರಿಲ್ಲದೆ ಮಲಗಿದ್ದಾಗ, ಓದಿಕೊಂಡು ಚಿತ್ರ ಬರೆಯಲಿ ಅಂತ ಅವನಿಗಾಗಿ ಬರೆದದ್ದು. ಮನೆಯಲ್ಲಿ ಮಲಗಿದ್ದ ಯಾವುದೋ ಹುಡುಗನಿಗೆ ಲಂಡನ್ನಿನಲ್ಲಿ ಬರೆದ ಪದ್ಯ, ಮಲೆನಾಡಿನ ಕವಿಯ ಕೈಗೆ ಸಿಕ್ಕಿ, ನಮ್ಮ ಹಳ್ಳಿಯದೇ ಕತೆಯಾಗಿ, ಕನ್ನಡದ ಮಕ್ಕಳೆಲ್ಲ ಕೂಗಿಕೊಂಡು ಓದುವ ಪದ್ಯವಾಯಿತು.

ಆಮೇಲೆ ಚಂದಮಾಮ ಬಂತು. 1947ರ ಜುಲೈಯಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ ಪತ್ರಿಕೆ, 1949ರಲ್ಲಿ ಕನ್ನಡಕ್ಕೂ ಬಂತು. ಅದರ ಬೇತಾಳ ಕತೆಗಳನ್ನು ಮರೆತವರುಂಟೇ! ಬಳ್ಳಾರಿಯ ಹುಡುಗರು 1823ರಲ್ಲಿ ಓದುತ್ತಿದ್ದ ಅದೇ ಬೇತಾಳ. ಇಪ್ಪತ್ತೈದು ಕತೆ ಮುಗಿದ ಮೇಲೂ ಚಂದಮಾಮದವರು ಹೊಸಹೊಸದು ಕಟ್ಟುತ್ತ ಹೋದರು. ಈ ಕತೆಯ ರಚನೆಯೇ ಗಟ್ಟಿ ಓದಿಗೆ ಹೇಳಿ ಮಾಡಿಸಿದ್ದು. ಕೊನೆಗೆ ಬೇತಾಳ ಒಂದು ಪ್ರಶ್ನೆ ಕೇಳುತ್ತೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು. ಓದುತ್ತಿದ್ದ ಮಗು ಅಲ್ಲಿಗೆ ನಿಲ್ಲಿಸಿ ಮನೆಯವರ ಮುಖ ನೋಡಬಹುದು, "ಹೇಳಿ ನೋಡೋಣ, ತಪ್ಪು ಯಾರದು?" ಅಂತ. ಅಪ್ಪ ಒಂದು ಹೇಳಿದರೆ ಅಜ್ಜಿ ಇನ್ನೊಂದು ಹೇಳುತ್ತಾರೆ. ಗಿಣಿಪಾಠ ಅನ್ನುವ ಕ್ಯಾಂಪ್‌ಬೆಲ್‌ನ ದೂರಿಗೆ ಇಲ್ಲೇ ಉತ್ತರ ಇದೆ. ಕೇಳುವವರು ಇದ್ದರೆ ಅರ್ಥದ ಮಾತು ಬಂದೇ ಬರುತ್ತೆ. ಚಂದಮಾಮ 2013ರ ಹೊತ್ತಿಗೆ ನಿಂತುಹೋಯಿತು. ಹಳೆಯ ಸಂಚಿಕೆಗಳನ್ನು ಅಟ್ಟದ ಮೇಲೆ ಕಟ್ಟಿಟ್ಟವರು ಪುಣ್ಯವಂತರು.

ಅಕ್ಷರ ಬಾರದ ಅಜ್ಜಿಯರು ಸುಮ್ಮನೆ ಕೇಳುತ್ತ ಮಾತ್ರ ಕೂತಿದ್ದರು ಅಂತಲ್ಲ. ಅವರ ಹತ್ತಿರ ಪುಸ್ತಕಕ್ಕೆ ಇಳಿಯದ ಕತೆಗಳ ಕಣಜವೇ ಇತ್ತು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಗಳು ಅವರು 1993ರಲ್ಲಿ ತೀರಿಕೊಂಡ ಮೇಲೆ, 1997ರಲ್ಲಿ ಪುಸ್ತಕವಾದವು. ಅದರಲ್ಲಿ ಒಂದು ಕತೆ ಇದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಉಸಿರುಕಟ್ಟಿದ ಕತೆ ಮತ್ತು ಹಾಡು, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದವು. ಕತೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿದ, ಮನೆಯಲ್ಲಿ ಜಗಳ. ಮುನಿಸಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಹರಟೆ ಹೊಡೆಯುವಾಗ ಅವನ ಮನೆಯ ದೀಪವೇ ನಿಜ ಹೇಳಿತು. ಬೆಳಿಗ್ಗೆ ಹೋಗಿ ಹೆಂಡತಿಯನ್ನು ಕೇಳಿದರೆ, "ಯಾವ ಕತೆ? ಯಾವ ಹಾಡು?" ಅಂದಳು. ಅವಳಿಗೇ ಮರೆತುಹೋಗಿತ್ತು. ಗಿರೀಶ್ ಕಾರ್ನಾಡರ 'ನಾಗಮಂಡಲ'ದಲ್ಲಿ (1988) ದೀಪಗಳು ಗುಡಿಗೆ ಬಂದು ಮಾತಾಡುವುದು ಈ ಕತೆಯಿಂದಲೇ.

ಈಗಿನ ಮನೆಗಳಿಗೆ ಬರೋಣ. ಹೆಣ್ಣುಮಕ್ಕಳು ಓದಿದರು. ಕರ್ನಾಟಕದಲ್ಲಿ ಅಕ್ಷರ ಬಲ್ಲ ಹೆಂಗಸರು 1991ರಲ್ಲಿ ನೂರಕ್ಕೆ 44, 2001ರಲ್ಲಿ 57, 2011ರಲ್ಲಿ 68. ಇದು ಸಣ್ಣ ಸಾಧನೆಯಲ್ಲ. ಈಗ ಅಮ್ಮನೇ ಓದಿ ಹೇಳಬಲ್ಲಳು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನಂಥವರಿಂದ ಕಡಿಮೆ ಬೆಲೆಗೆ ಕನ್ನಡ ಪುಸ್ತಕಗಳು ಬಂದವು. 2015ರಲ್ಲಿ ಅವರು ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳನ್ನು ಕಾಸಿಲ್ಲದೆ ಓದಬಹುದು. ಟ್ರಿಲೀಸ್ ಹೇಳಿದ ಚಿತ್ರ ನಮ್ಮಲ್ಲೂ ಕೂಡಿಬಂತು.

ಆದರೆ ಹಳೆಯ ಚಿತ್ರ ಸದ್ದಿಲ್ಲದೆ ಅಳಿಸಿಹೋಯಿತು. ಕಾಗದ ಬರೋದು ನಿಂತಿತು. ಧಾರಾವಾಹಿ ಟೀವಿಗೆ ಹೋಯಿತು. ಮಕ್ಕಳ ಪುಸ್ತಕಗಳು ಇಂಗ್ಲಿಷಿಗೆ ಹೋದವು, ಅಜ್ಜಿಗೆ ಅವು ಅರ್ಥವಾಗೋದಿಲ್ಲ. ಮಗು ಈಗ ಯಾರಿಗೆ ಓದಬೇಕು? ಟೀಚರಿಗೆ, ಇಲ್ಲವೇ ಪರೀಕ್ಷೆಗೆ.

ಪರೀಕ್ಷೆ ಅಂದೆನಲ್ಲ, 2005ರಿಂದ 'ಅಸರ್' ಅನ್ನುವ ಸಮೀಕ್ಷೆ ನಡೆಯುತ್ತಿದೆ. ಪ್ರಥಮ್ ಸಂಸ್ಥೆಯವರು ಹಳ್ಳಿಗಳ ಮನೆಮನೆಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಾರೆ. ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಕತೆ. ಮೂರನೇ ಕ್ಲಾಸಿನ ಮಕ್ಕಳಲ್ಲಿ ಆ ಕತೆಯನ್ನು ಓದಬಲ್ಲವರು ದೇಶದಲ್ಲಿ 2018ರಲ್ಲಿ ನೂರಕ್ಕೆ 27.3. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದರಿಂದ 2022ರಲ್ಲಿ 20.5ಕ್ಕೆ ಇಳಿಯಿತು. 2024ರಲ್ಲಿ ಮತ್ತೆ 27.1. ಅಂದರೆ ನಾಲ್ಕರಲ್ಲಿ ಸುಮಾರು ಮೂರು ಮಕ್ಕಳಿಗೆ ತಮಗಿಂತ ಕೆಳಗಿನ ಕ್ಲಾಸಿನ ಕತೆ ಓದೋಕೆ ಬರೋದಿಲ್ಲ.

ಈ ಅಂಕಿ ನೋಡಿ ನಾವು ಶಾಲೆಯನ್ನು ಬೈಯುತ್ತೇವೆ, ಬೈಯಬೇಕಾದದ್ದೂ ಇದೆ. ಅಪ್ಪ-ಅಮ್ಮ ಓದಿದವರಲ್ಲ, ಮನೆಯಲ್ಲಿ ಯಾರು ಹೇಳಿಕೊಡಬೇಕು ಅಂತಲೂ ಹೇಳುತ್ತೇವೆ. ಈ ಎರಡನೇ ಮಾತಿಗೆ ನಮ್ಮ ಚರಿತ್ರೆಯೇ ಅಡ್ಡ ಬರುತ್ತೆ. 2011ರ ಲೆಕ್ಕದಲ್ಲೂ ಕರ್ನಾಟಕದ ನೂರು ಹೆಂಗಸರಲ್ಲಿ 32 ಮಂದಿಗೆ ಓದು ಬರುತ್ತಿರಲಿಲ್ಲ. ಮಕ್ಕಳಿಗೆ ನೀವು ಓದಿ ಹೇಳಿ ಅಂದರೆ ಆ ಅಮ್ಮಂದಿರು, ಅಜ್ಜಿಯರು ತಲೆ ತಗ್ಗಿಸಬೇಕಾಗುತ್ತೆ. ಮಗು ಓದಲಿ, ನೀವು ಕೇಳಿ ಅಂದರೆ? ಅಕ್ಕಿ ಆರಿಸುತ್ತ, ಬತ್ತಿ ಹೊಸೆಯುತ್ತ, ಬೀಡಿ ಕಟ್ಟುತ್ತ ಕೂಡ ಕೇಳಬಹುದು. "ಆಮೇಲೇನಾಯ್ತು?" ಅಂತ ಕೇಳೋಕೆ ಯಾವ ಡಿಗ್ರಿ ಬೇಕು? ಮಗು ತಪ್ಪು ಓದಿದರೆ ಕತೆ ಕೆಡುತ್ತೆ, ಕತೆ ಕೆಟ್ಟರೆ ಕೇಳುವವರಿಗೆ ಗೊತ್ತಾಗುತ್ತೆ. ಅದಕ್ಕೆ ಪುಸ್ತಕ ಮಾತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅಷ್ಟೇ. ಕನ್ನಡದ ಮನೆಯಲ್ಲಿ ಒಂದಾದರೂ ಕನ್ನಡ ಕತೆಪುಸ್ತಕ ಇರಲಿ ಅನ್ನೋದಕ್ಕೆ ನನಗೆ ಸಿಕ್ಕ ಕಾರಣ ಇದು. ಅಭಿಮಾನದ ಮಾತೆಲ್ಲ ಆಮೇಲಿನದು.

ಓದಿದ ಅಪ್ಪ-ಅಮ್ಮಂದಿರೂ ಇದನ್ನು ಮಾಡಿ ನೋಡಬಹುದು. ನೀವು ಓದಿ ಹೇಳೋದನ್ನು ಬಿಡಬೇಡಿ. ವಾರಕ್ಕೆ ಎರಡು ದಿನ ಪುಸ್ತಕ ಮಗುವಿನ ಕೈಗೆ ಕೊಡಿ, ನೀವು ಒಲೆಯ ಮುಂದಿರಿ, ಅಜ್ಜಿ ತಾತ ಊರಲ್ಲಿದ್ದರೆ ಫೋನಿನ ಆ ಕಡೆ ಇರಲಿ. ಮಗು ಕಣ್ಣಾಡಿಸಿ ಮುಗಿಸೋ ಹಾಗಿಲ್ಲ, ಆ ಕಡೆ ಒಬ್ಬರು ಕಾಯುತ್ತಿದ್ದಾರೆ.

ಕ್ಯಾಂಪ್‌ಬೆಲ್ ಶಾಲೆಗಳನ್ನು ಎಣಿಸಿದ, ಜನಗಣತಿಯವರು ಓದು ಬಲ್ಲವರನ್ನು ಎಣಿಸಿದರು. ಓದು ಬಾರದೆಯೂ ಮಕ್ಕಳಿಂದ ಓದಿಸಿಕೊಂಡು, ಅವರನ್ನು ಓದುಗರನ್ನಾಗಿ ಮಾಡಿದವರ ಲೆಕ್ಕ ಸರ್ಕಾರದ ಕಡತದಲ್ಲಿ ಸಿಗೋದಲ್ಲ. ಅದು ಇರೋದು ನಿಮ್ಮ ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿ. ಇವತ್ತೇ ಕೇಳಿ ನೋಡಿ: ನಿಮ್ಮ ಮನೆಯಲ್ಲಿ ಓದುತ್ತಿದ್ದವರು ಯಾರು, ಕೇಳುತ್ತಿದ್ದವರು ಯಾರು, ಪುಸ್ತಕ ಯಾವುದು? ಗೊತ್ತಾದದ್ದನ್ನು ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೆದರೆ ಇನ್ನೂ ಸಂತೋಷ, ಓದೋಕೆ ನಾನಿದ್ದೇನೆ.